ಬಾಲಚುಕ್ಕಿ ಮಸುಕಾಗಿದ್ದರೆ ಮಸುಕಾಗಿಯೇ ಇರಲಿ

2024ರ ಅಕ್ಟೋಬರ್ ಎರಡನೇ ವಾರ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಸಂಜೆಯ ಆಕಾಶಕ್ಕೆ ಬಂದಾಗ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡಲಂಚಿನವರಿಗೆ ಜಾಗ ಒಳ್ಳೆಯದೇ ಇತ್ತು, ಹೊತ್ತು ಮಾತ್ರ ಕಷ್ಟದ್ದು. ಪಡುವರಿಯ ಸೋಮೇಶ್ವರದಿಂದ ಹಿಡಿದು ಮರವಂತೆ, ಕೋಡಿ, ಪಡುಕೆರೆ, ಕೋಡಿ ಬೆಂಗ್ರೆಯವರೆಗೆ ದಂಡೆಯಲ್ಲಿ ಎಲ್ಲಿ ನಿಂತರೂ ಪಡುವಣಕ್ಕೆ ಮನೆಯಿಲ್ಲ, ಮರವಿಲ್ಲ, ಗುಡ್ಡವಿಲ್ಲ. ನೀರು ಮುಗಿದಲ್ಲಿಂದ ಆಕಾಶ. ಬೆಂಗಳೂರಿನವರು ಟೆರೇಸು ಹತ್ತಿ ಹುಡುಕಬೇಕಾದ ದಿಗಂತ ಇಲ್ಲಿ ಮೀನು ಒಣಗಿಸುವ ಅಂಗಳದಿಂದಲೇ ಸಿಗುತ್ತದೆ. ನಮ್ಮ ಅಕ್ಷಾಂಶವೂ ಅನುಕೂಲದ್ದೇ. ಹದಿಮೂರೂವರೆ ಡಿಗ್ರಿಯ ಆಸುಪಾಸಿನಲ್ಲಿ ಸೂರ್ಯ ಓರೆಯಾಗಿ ಜಾರುವುದಿಲ್ಲ, ಬಾವಿಗೆ ಕೊಡಪಾನ ಇಳಿಸಿದ ಹಾಗೆ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಸೂರ್ಯ ಮುಳುಗುವುದು ಆ ದಿನಗಳಲ್ಲಿ ಸಂಜೆ 6.12ರ ಹೊತ್ತಿಗೆ, 6.35ರವರೆಗೆ ಬೆಳಕು ಜಾಸ್ತಿ, 7.20ಕ್ಕೆಲ್ಲ ಪೂರ್ತಿ ಕತ್ತಲು. 12, 13ರ ಸಂಜೆ ಹಾಗೆ ಕತ್ತಲಾಗುವಷ್ಟರಲ್ಲಿ ಧೂಮಕೇತು ಕಡಲ ಮೇಲಿನ ಮಂಜಿಗೆ ಇಳಿದಿರುತ್ತಿತ್ತು. ಆಮೇಲೆ ದಿನಕ್ಕೆ ಮೂರ್ನಾಲ್ಕು ಡಿಗ್ರಿಯಂತೆ ಮೇಲೇರಿತು, ಆದರೆ ಏರಿದಷ್ಟೂ ಮಂಕಾಯಿತು. ಸಾಲದ್ದಕ್ಕೆ 17ರಂದು ಹುಣ್ಣಿಮೆ. ಮಳೆಗಾಲ ಇನ್ನೂ ಪೂರ್ತಿ ಹೋಗಿರದ ತಿಂಗಳು ಬೇರೆ. ಸಂಜೆಯಾಗುತ್ತಲೇ ಮೋಡ ಕಟ್ಟುವ ಕಾಲ.

ಇಷ್ಟೆಲ್ಲ ಅಡ್ಡಿ ದಾಟಿದರೂ ಬರಿಗಣ್ಣಿಗೆ ಸಿಗುತ್ತಿದ್ದುದು ಏನು? ಶುಕ್ರನ ಬಲಕ್ಕೆ, ಕೆಂಪು ಮಾಸಿ ಬೂದಿಯಾಗುತ್ತಿರುವ ಆಕಾಶದಲ್ಲಿ, ಒದ್ದೆ ಬೆರಳಿನಿಂದ ಸ್ಲೇಟಿನ ಮೇಲೆ ಎಳೆದ ಹಾಗೆ ಒಂದು ಬಿಳಿ ಗೀಟು. ಬೈನಾಕ್ಯುಲರ್ ಇದ್ದವರಿಗೆ ತಲೆಯೂ ಬಾಲವೂ ಬೇರೆಯಾಗಿ ಕಾಣುವಷ್ಟು. ಅದೇ ಹೊತ್ತಿಗೆ ಫೋನಿಗೆ ಬಂದು ಬೀಳುವ ಚಿತ್ರಗಳಲ್ಲಿ ಧೂಮಕೇತು ಆಕಾಶದ ಅರ್ಧಕ್ಕೆ ಬಾಲ ಬೀಸಿಕೊಂಡು, ನೀಲಿ, ಹಸಿರು, ಬಂಗಾರದ ಬಣ್ಣ ಮೆತ್ತಿಕೊಂಡು ನಿಂತಿರುತ್ತದೆ. ಅದನ್ನು ನಂಬಿ ಮಕ್ಕಳನ್ನು ಬೈಕಿನಲ್ಲಿ ಕೂರಿಸಿಕೊಂಡು ದಂಡೆಗೆ ಬಂದವರಿಗೆ ಆ ಗೀಟು ಗೀಟಾಗಿಯೂ ಕಾಣುವುದಿಲ್ಲ. ಅವರು ಹುಡುಕುತ್ತಿರುವುದೇ ಬೇರೆ. ಹತ್ತು ನಿಮಿಷ ನಿಂತು, ಒಂದು ಚುರುಮುರಿ ತಿಂದು, ವಿಜ್ಞಾನದವರು ಹೇಳುವುದೆಲ್ಲ ಹೀಗೇ ಎಂದುಕೊಂಡು ಹಿಂತಿರುಗುತ್ತಾರೆ. ಅಲಂಕಾರ ಮಾಡಿದ ಚಿತ್ರದಿಂದ ಯಾರಿಗೂ ನಷ್ಟವಿಲ್ಲ ಎನ್ನುವವರು ಈ ಹಿಂತಿರುಗಿದವರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನನ್ನ ವಾದ ಇಷ್ಟೆ: ಮುಸ್ಸಂಜೆಯ ಧೂಮಕೇತುವಿನ ಚಿತ್ರ ಚಂದ ಇರಬೇಕೆಂದಿಲ್ಲ, ಅದು ಹೇಗೆ ಆಯಿತೆಂದು ಹೇಳುವಂತಿರಬೇಕು. ಹಾಗೆ ಹೇಳದ ಚಿತ್ರವನ್ನು ಪತ್ರಿಕೆಗಳು ಸುದ್ದಿಯೆಂದು ಹಾಕಬಾರದು.

ಪುಸ್ತಕದ ಕನ್ನಡದಲ್ಲಿ ನೋಡುವುದು ಬೇರೆ, ಕಾಣುವುದು ಬೇರೆ. ನೋಡುವುದು ನಮ್ಮ ಕೆಲಸ, ಕಾಣುವುದು ಅದರ ಫಲ, ನೋಡಿದವರಿಗೆಲ್ಲ ಕಾಣಬೇಕೆಂದಿಲ್ಲ. ಕುಂದಾಪ್ರ ಕನ್ನಡದಲ್ಲಿ ಈ ಎರಡಕ್ಕೂ ಒಂದೇ ಮಾತು. ‘ಹ್ವಾಯ್, ಅಲ್ ಕಾಣಿ’ ಎಂದರೆ ಅತ್ತ ನೋಡಿ ಎಂದೇ ಅರ್ಥ; ನೋಡಲು ಹೊರಟವರು ಕಂಡೇ ಬರುತ್ತಾರೆಂಬ ಭರವಸೆ ಆ ಕ್ರಿಯಾಪದದೊಳಗೇ ಕೂತಿದೆ. ಆಕಾಶದ ಮಟ್ಟಿಗೆ ಆ ಭರವಸೆ ನಡೆಯುವುದಿಲ್ಲ. ದಿಗಂತದಿಂದ ಐದು ಡಿಗ್ರಿ ಎತ್ತರದಲ್ಲಿರುವ ವಸ್ತುವಿನ ಬೆಳಕು ನೆತ್ತಿಯ ಮೇಲಿರುವುದಕ್ಕಿಂತ ಸುಮಾರು ಹತ್ತು ಪಟ್ಟು ಗಾಳಿಯನ್ನು ದಾಟಿ ಬರಬೇಕು, ನಮ್ಮಲ್ಲಂತೂ ಅದು ಉಪ್ಪು ನೀರಿನ ಆವಿ ತುಂಬಿದ ಗಾಳಿ. ಲೆಕ್ಕದ ಪ್ರಕಾರ ಶುಕ್ರನಿಗೆ ಸಾಟಿಯಾಗಬೇಕಾದದ್ದು ಕಣ್ಣಿಗೆ ಮಿಣುಕು ದೀಪವಾಗಿ ಬಿಡಬಹುದು. ಮಸುಕಾಗಿ ಕಾಣುವುದು ಧೂಮಕೇತುವಿನ ದೋಷವೂ ಅಲ್ಲ, ನೋಡುವವರ ದೋಷವೂ ಅಲ್ಲ. ಅದೇ ಅಲ್ಲಿ ನಡೆದ ಸಂಗತಿ.

ಹಾಗೆಂದು ಕಣ್ಣಿಗೆ ಕಂಡಷ್ಟೇ ಸತ್ಯ, ಕ್ಯಾಮೆರಾ ಹೆಚ್ಚು ತೋರಿಸಿದರೆ ಅದು ಸುಳ್ಳು ಎಂದು ಹೇಳಲು ಹೊರಟಿಲ್ಲ. ಕಣ್ಣು ಬೆಳಕನ್ನು ಕೂಡಿಡಲಾರದು. ಕ್ಷಣಕ್ಷಣಕ್ಕೂ ಬಂದದ್ದನ್ನು ಖರ್ಚು ಮಾಡಿಬಿಡುತ್ತದೆ. ಕ್ಯಾಮೆರಾದ ಸೆನ್ಸರ್ ನಾಲ್ಕು ಸೆಕೆಂಡು, ಹತ್ತು ಸೆಕೆಂಡು ಬಾಗಿಲು ತೆರೆದಿಟ್ಟು ಬಂದ ಬೆಳಕನ್ನೆಲ್ಲ ಒಟ್ಟು ಮಾಡುತ್ತದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಸೆನ್ಸರಿಗೆ ತಿಳಿಯುತ್ತದೆ. ಧೂಮಕೇತುವಿನ ತಲೆಯ ಸುತ್ತ ಹಸಿರು ಛಾಯೆ ಬರುವುದು ಜೋಡಿ ಕಾರ್ಬನ್ ಅಣುಗಳಿಂದ. ಸಪೂರ ಬಾಲದ ನೀಲಿ ವಿದ್ಯುದಾವೇಶ ಪಡೆದ ಅನಿಲದಿಂದ. ಅಗಲ ಬಾಲದ ಹಳದಿ ಮಿಶ್ರಿತ ಬಿಳಿ, ಧೂಳಿನ ಮೇಲೆ ಬಿದ್ದ ಬಿಸಿಲು. ಇವೆಲ್ಲ ಇರುವ ಬಣ್ಣಗಳೇ. ಕ್ಯಾಮೆರಾವನ್ನು ಆಕಾಶದ ತಿರುಗುವಿಕೆಗೆ ತಕ್ಕಂತೆ ಚಲಿಸುವ ಪೀಠದ ಮೇಲಿಟ್ಟು, ಐವತ್ತು ಚಿತ್ರ ತೆಗೆದು, ಒಂದರ ಮೇಲೊಂದು ಹೊಂದಿಸಿ ಸೆನ್ಸರಿನ ಪುಡಿಚುಕ್ಕಿಗಳ ಗದ್ದಲ ಕಡಿಮೆ ಮಾಡುವುದೂ ಪ್ರಾಮಾಣಿಕ ಕೆಲಸವೇ. ಅಲ್ಲಿ ಸೇರಿದ್ದು ಅದೇ ಸಂಜೆ, ಅದೇ ದಿಕ್ಕಿನಿಂದ ಬಂದ ಬೆಳಕು. ಒಂದು ದಿನದ ಸಮುದ್ರಕ್ಕೆ ಇನ್ನೊಂದು ದಿನದ ಧೂಮಕೇತುವನ್ನು ಅಂಟಿಸಿ ಒಂದೇ ಕ್ಲಿಕ್ಕಿನಂತೆ ತೋರಿಸುವಲ್ಲಿ ಗೆರೆ ದಾಟುತ್ತದೆ. ಅಂಟಿಸಬಾರದೆಂದೂ ಅಲ್ಲ, ಅಂಟಿಸಿದ್ದನ್ನು ಮುಚ್ಚಿಡುವುದು ತಪ್ಪು.

ಈ ಮಡಿ ಯಾಕೆ ಬೇಕೆಂಬುದಕ್ಕೆ ಧೂಮಕೇತುಗಳ ಛಾಯಾಚಿತ್ರದ ಚರಿತ್ರೆಯೇ ಉತ್ತರ ಹೇಳುತ್ತದೆ. 1858ರ ಸೆಪ್ಟೆಂಬರಿನಲ್ಲಿ ವಿಲಿಯಂ ಅಷರ್‌ವುಡ್ ಎಂಬ ಇಂಗ್ಲೆಂಡಿನ ಛಾಯಾಗ್ರಾಹಕ ಮುಖಚಿತ್ರ ತೆಗೆಯುವ ಲೆನ್ಸಿನಲ್ಲಿ ಏಳು ಸೆಕೆಂಡು ಬೆಳಕು ಹಿಡಿದು ಡೊನಾಟಿ ಧೂಮಕೇತುವಿನ ಚಿತ್ರ ತೆಗೆದ. ಧೂಮಕೇತುವಿನ ಮೊದಲ ಫೋಟೋ ಅದು. 1882ರ ಮಹಾಧೂಮಕೇತುವನ್ನು ಡೇವಿಡ್ ಗಿಲ್ ದಕ್ಷಿಣ ಆಫ್ರಿಕಾದ ಕೇಪ್ ವೀಕ್ಷಣಾಲಯದಿಂದ ಚಿತ್ರಿಸಿದಾಗ ಬಾಲದ ಹಿಂದೆ ಮುಂದೆ ಎಣಿಸಲಾರದಷ್ಟು ನಕ್ಷತ್ರಗಳು ಮೂಡಿದ್ದವು. ಅವನಿಗೆ ಬೇಕಾಗಿದ್ದದ್ದು ಧೂಮಕೇತು, ಸಿಕ್ಕಿದ್ದು ಆಕಾಶದ ನಕ್ಷೆಯನ್ನೇ ಫೋಟೋದಲ್ಲಿ ಮಾಡಬಹುದೆಂಬ ದಾರಿ. ನಮ್ಮವರಾದ ವೇಣು ಬಾಪು 1949ರಲ್ಲಿ ಹಾರ್ವರ್ಡಿನಲ್ಲಿ ಓದುತ್ತಿದ್ದಾಗ ಬೇರೆಯದೇ ಉದ್ದೇಶಕ್ಕೆ ತೆಗೆದ ಗಾಜಿನ ಪ್ಲೇಟಿನಲ್ಲಿ ಒಂದು ಮಸುಕು ಗುರುತು ಕಂಡರು. ಅದು ಹೊಸ ಧೂಮಕೇತು. ಬಾಪು-ಬಾಕ್-ನ್ಯೂಕರ್ಕ್ ಎಂದು ಮೂವರ ಹೆಸರಲ್ಲಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಮುಂದೆ ಕಟ್ಟಿ ಬೆಳೆಸಿದವರೂ ಇದೇ ಬಾಪು. ಆ ಪ್ಲೇಟನ್ನು ‘ಕ್ಲೀನ್’ ಮಾಡುವವರು ಯಾರಾದರೂ ಆಗ ಇದ್ದಿದ್ದರೆ ಮೊದಲು ಒರೆಸುತ್ತಿದ್ದದ್ದು ಆ ಮಸುಕನ್ನೇ. ಸೂರ್ಯನನ್ನು ನೋಡಲೆಂದು ಕಳಿಸಿದ ಸೋಹೊ ನೌಕೆಯ ಚಿತ್ರಗಳಲ್ಲಿ 2024ರ ಮಾರ್ಚ್ ಹೊತ್ತಿಗೆ 5000 ಧೂಮಕೇತುಗಳು ಪತ್ತೆಯಾಗಿದ್ದವು. ಹೆಚ್ಚಿನವನ್ನು ಹುಡುಕಿದ್ದು ಮನೆಯಲ್ಲಿ ಕೂತ ಹವ್ಯಾಸಿಗಳು, ಯಾರೂ ಚಂದಗಾಣಿಸದೆ ಬಿಟ್ಟ ಚಿತ್ರಗಳಲ್ಲಿ.

2024ರ ಧೂಮಕೇತುವಿನಲ್ಲೇ ಇದಕ್ಕಿಂತ ಹತ್ತಿರದ ಉದಾಹರಣೆ ಇದೆ. ಧೂಮಕೇತುವಿನ ಬಾಲ ಸೂರ್ಯನಿಂದ ಆಚೆಗೆ ಚಾಚಿರುತ್ತದೆ ಎಂದು ಶಾಲೆಯಲ್ಲಿ ಕಲಿಯುತ್ತೇವೆ; ಸಂಜೆ ಹೊತ್ತು ನೋಡಿದರೆ ಬಾಲ ಮೇಲಕ್ಕಿರಬೇಕು. ಆದರೆ ಅಕ್ಟೋಬರ್ 14ರ ಆಚೀಚೆ ತೆಗೆದ ಒಳ್ಳೆಯ ಚಿತ್ರಗಳಲ್ಲಿ ತಲೆಯಿಂದ ಕೆಳಕ್ಕೆ, ಮುಳುಗಿದ ಸೂರ್ಯನ ಕಡೆಗೇ, ಇನ್ನೊಂದು ತೆಳ್ಳಗಿನ ಸೂಜಿಯಂಥ ಬಾಲ ಕಾಣಿಸಿತು. ಭೂಮಿ ಆ ದಿನಗಳಲ್ಲಿ ಧೂಮಕೇತುವಿನ ಕಕ್ಷೆಯ ಸಮತಲವನ್ನು ದಾಟುತ್ತಿತ್ತು. ಕಕ್ಷೆಯುದ್ದಕ್ಕೆ ಹಿಂದೆ ಉಳಿದ ದಪ್ಪ ಕಣದ ಧೂಳಿನ ಹಾಳೆಯನ್ನು ಅಂಚಿನಿಂದ ನೋಡಿದ ಹಾಗಾಗಿ, ಹರಡಿದ್ದೆಲ್ಲ ಒಂದೇ ಗೆರೆಯಾಯಿತು. ತೆಂಗಿನ ಗರಿಯ ತಟ್ಟಿಯನ್ನು ಬದಿಯಿಂದ ನೋಡಿದರೆ ಒಂದು ಕಡ್ಡಿಯಂತೆ ಕಾಣುವುದಿಲ್ಲವೆ, ಹಾಗೆ. ಎರಡು ಮೂರು ದಿನ ಇದ್ದು ಅದು ಮಾಯವಾಯಿತು. ಧೂಮಕೇತು ಹೇಗಿರಬೇಕೆಂದು ಮೊದಲೇ ಗೊತ್ತಿದ್ದವರು ಆ ಗೆರೆಯನ್ನು ವಿಮಾನದ ಹೊಗೆಯೋ ಲೆನ್ಸಿನ ದೋಷವೋ ಅಂದುಕೊಂಡು ಅಳಿಸಿದ್ದರೆ, ಆ ವಾರದ ಅತಿ ಅಪರೂಪದ ಸಂಗತಿಯನ್ನೇ ಅಳಿಸಿದ ಹಾಗಾಗುತ್ತಿತ್ತು. ಕೃತಕ ಬುದ್ಧಿಮತ್ತೆಗೆ ‘ಮರವಂತೆಯ ಮೇಲೆ ಧೂಮಕೇತು’ ಎಂದು ಹೇಳಿ ಚಿತ್ರ ಬರೆಸಿದರೆ ಅದು ಎಲ್ಲರಿಗೂ ಗೊತ್ತಿರುವ ಬಾಲವನ್ನೇ ಬರೆದುಕೊಡುತ್ತದೆ. ಎರಡನೆಯ ಬಾಲ ಅದಕ್ಕೆ ಹೊಳೆಯುವ ಸಾಧ್ಯತೆ ಕಡಿಮೆ.

ಮರವಂತೆಯ ಮಾತು ಬಂತು. ಅಲ್ಲಿಯದೇ ಒಂದು ಪರೀಕ್ಷೆ ಹೇಳಬಹುದು. ನಡುವೆ ಹೆದ್ದಾರಿ, ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ: ಡ್ರೋನ್ ಬಂದ ಮೇಲೆ ಈ ಚಿತ್ರ ಕ್ಯಾಲೆಂಡರಿನಿಂದ ಹೋಟೆಲ್ಲಿನ ಗೋಡೆಯವರೆಗೆ ಎಲ್ಲ ಕಡೆ ಇದೆ. ಕಡಲು ಎಡಕ್ಕಿರಬೇಕಾದರೆ ಕ್ಯಾಮೆರಾ ಮುಖ ಮಾಡಿರುವುದು ಬಡಗಿಗೆ. 2024ರ ಧೂಮಕೇತು ಇದ್ದದ್ದು ಹೆಚ್ಚುಕಡಿಮೆ ನೇರ ಪಡುವಣದಲ್ಲಿ, ಅಂದರೆ ಆ ಚೌಕಟ್ಟಿನ ಆಚೆ. ಹಾಗಾಗಿ ಆ ಹೆದ್ದಾರಿಯ ನೇರಕ್ಕೆ ಆ ಧೂಮಕೇತು ತೂಗಾಡುವ ಚಿತ್ರ ಯಾರಾದರೂ ಕಳಿಸಿದರೆ, ಕಂಪ್ಯೂಟರ್ ತಜ್ಞರನ್ನು ಕೇಳಬೇಕಾಗಿಲ್ಲ. ತ್ರಾಸಿಯ ಬಸ್ ಕಂಡಕ್ಟರ್ ಸಾಕು. ಇನ್ನೊಂದು ಪರೀಕ್ಷೆ ಅಳತೆಯದು. ಸಾಮಾನ್ಯ ಫೋನಿನ ಮುಖ್ಯ ಕ್ಯಾಮೆರಾ ಉದ್ದಕ್ಕೆ ಸುಮಾರು 70 ಡಿಗ್ರಿ ಆಕಾಶ ಹಿಡಿಯುತ್ತದೆ. ಹುಣ್ಣಿಮೆಯ ಚಂದ್ರ ಅರ್ಧ ಡಿಗ್ರಿ. ಕೈ ಚಾಚಿ ಹಿಡಿದ ಮುಷ್ಟಿ ಸುಮಾರು ಹತ್ತು ಡಿಗ್ರಿ. ಮುಷ್ಟಿಯಷ್ಟು ಉದ್ದದ ಬಾಲ ಕಂಡಿದ್ದರೂ ಅದು ಫೋನಿನ ಚೌಕಟ್ಟಿನಲ್ಲಿ ಏಳನೆಯ ಒಂದು ಪಾಲು. ಚಂದ್ರನಾದರೆ ನೂರ ನಲವತ್ತರಲ್ಲಿ ಒಂದು ಪಾಲು, ಸಾಸಿವೆಕಾಳು. ಅಗಲ ಲೆನ್ಸಿನಲ್ಲಿ ಇಡೀ ಬೀಚು, ದೋಣಿ, ತೆಂಗಿನ ಸಾಲು ಎಲ್ಲ ಹಿಡಿಸಿ, ಮೇಲೆ ಧೂಮಕೇತುವೂ ಚೌಕಟ್ಟು ತುಂಬಿದ್ದರೆ ಎರಡರಲ್ಲಿ ಒಂದು ಬೇರೆ ಕಡೆಯಿಂದ ಬಂದಿದೆ. ದೂರ ನಿಂತು ಟೆಲಿ ಲೆನ್ಸಿನಲ್ಲಿ ತೆಗೆದರೆ ದೀಪಸ್ತಂಭದ ಪಕ್ಕ ಚಂದ್ರ ದೊಡ್ಡದಾಗಿ ಬರುವುದು ನಿಜ, ಅದರಲ್ಲಿ ಮೋಸವಿಲ್ಲ. ಆದರೆ ಆ ಲೆನ್ಸಿನಲ್ಲಿ ಇಡೀ ಬೀಚು ಬರುವುದಿಲ್ಲ.

ಮೊದಲ ಆಕ್ಷೇಪ ಇಲ್ಲೇ ಏಳುತ್ತದೆ. ಈಗ ಫೋನೇ ಎಲ್ಲ ಮಾಡಿಬಿಡುತ್ತದೆ. ನೈಟ್ ಮೋಡ್ ಒತ್ತಿದರೆ ಹತ್ತಾರು ಚಿತ್ರ ತೆಗೆದು ತಾನೇ ಬೆರೆಸಿ ಕೊಡುತ್ತದೆ, ತೆಗೆದವನಿಗೇ ಒಳಗೇನಾಯಿತೆಂದು ಗೊತ್ತಿಲ್ಲದಿರುವಾಗ ಅವನು ಹೇಳುವುದೇನನ್ನು? ಇದು ಹಗುರವಾದ ಆಕ್ಷೇಪವಲ್ಲ. 2023ರ ಮಾರ್ಚ್‌ನಲ್ಲಿ ಒಬ್ಬ ಬಳಕೆದಾರ ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕುಗೊಳಿಸಿ, ಕಂಪ್ಯೂಟರ್ ಪರದೆಯ ಮೇಲಿಟ್ಟು, ಕೋಣೆಯ ದೀಪ ಆರಿಸಿ, ದೂರದಿಂದ ಸ್ಯಾಮ್‌ಸಂಗ್ ಫೋನಿನಲ್ಲಿ ಕ್ಲಿಕ್ಕಿಸಿದ. ಪರದೆಯ ಮೇಲೆ ಇಲ್ಲದ ವಿವರಗಳು ಫೋಟೋದಲ್ಲಿ ಮೂಡಿದವು. ಚಂದ್ರನೆಂದು ಗುರುತಿಸಿದರೆ ಫೋನಿನ ತಂತ್ರಾಂಶ ವಿವರಗಳನ್ನು ಸ್ಪಷ್ಟಗೊಳಿಸುತ್ತದೆ ಎಂದು ಕಂಪನಿಯೇ ಆಮೇಲೆ ವಿವರಿಸಿತು. ಚಂದ್ರನಿಗೆ ಇರುವುದು ಒಂದೇ ಮುಖ, ಹಾಗಾಗಿ ಅಲ್ಲಿ ತಪ್ಪಿದರೂ ಹೆಚ್ಚು ತಪ್ಪುವುದಿಲ್ಲ. ಧೂಮಕೇತು ದಿನಕ್ಕೊಂದು ರೂಪದ್ದು. ಅದಕ್ಕೆ ಕಂಠಪಾಠದ ಮುಖ ಹಚ್ಚಿದರೆ ಪೂರ್ತಿ ಕೆಟ್ಟಿತು. ಆದರೆ ತಿಳಿಯದಿರುವುದನ್ನು ತಿಳಿಯದು ಎಂದು ಹೇಳಲು ಯಾವ ತಂತ್ರಜ್ಞಾನವೂ ಅಡ್ಡಬರುವುದಿಲ್ಲ. ‘ಫೋನಿನ ನೈಟ್ ಮೋಡ್, ಬೇರೆ ತಿದ್ದುಪಡಿ ಇಲ್ಲ’ ಎಂದು ಬರೆದರೆ ಓದುಗ ಉಳಿದದ್ದನ್ನು ಊಹಿಸಿಕೊಳ್ಳುತ್ತಾನೆ. ಈಗಿನ ಅನೇಕ ಫೋನುಗಳಲ್ಲಿ ಪ್ರೊ ಮೋಡ್ ಇದೆ, ಕಚ್ಚಾ ಫೈಲು ಉಳಿಸುವ ಅವಕಾಶವೂ ಇದೆ. ಫೋನನ್ನು ಮರಳಿನಲ್ಲಿ ಊರಿದ ಟ್ರೈಪಾಡಿಗೆ ಕಟ್ಟಿ, ಎರಡು ಸೆಕೆಂಡಿನ ಟೈಮರ್ ಇಟ್ಟು, ಫೋಕಸನ್ನು ಅನಂತಕ್ಕೆ ತಿರುಗಿಸಿ, ನಾಲ್ಕು ಸೆಕೆಂಡು ತೆರೆದರೆ ಮುಸ್ಸಂಜೆಯ ಧೂಮಕೇತು ತನ್ನ ಮಟ್ಟಕ್ಕೆ ತಾನು ಬಂದು ಕೂರುತ್ತದೆ.

ಎರಡನೆಯ ಆಕ್ಷೇಪ ಚಂದದ ಪರವಾದದ್ದು. ಮಸುಕು ಗೀಟು ತೋರಿಸಿದರೆ ಯಾವ ಮಗು ಆಕಾಶ ನೋಡೀತು? ಬಣ್ಣದ ಚಿತ್ರ ಕಂಡೇ ಅಲ್ಲವೆ ಆಸಕ್ತಿ ಹುಟ್ಟುವುದು? ಸ್ವಲ್ಪ ಹೆಚ್ಚು ಹೇಳಿದರೆ ವಿಜ್ಞಾನಕ್ಕೇ ಲಾಭ ಎನ್ನುತ್ತಾರೆ. 2025ರ ಅಕ್ಟೋಬರಿನ ಲೆಮನ್ ಧೂಮಕೇತುವನ್ನು ಇದಕ್ಕೆ ಒರೆಗಲ್ಲಾಗಿ ಇಡಬಹುದು. ಅಕ್ಟೋಬರ್ 21ರಂದು, ದೀಪಾವಳಿಯ ದಿನಗಳಲ್ಲೇ, ಅದು ಭೂಮಿಗೆ ಅತಿ ಸಮೀಪ, ಸುಮಾರು 9 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಹಿಂದಿನ ವರ್ಷದ್ದಕ್ಕೆ ಹೋಲಿಸಿದರೆ ಬಹಳ ಮಂಕು. ಕತ್ತಲ ಊರಿನಲ್ಲೂ ಬರಿಗಣ್ಣಿಗೆ ಕಂಡೂ ಕಾಣದಂತಿತ್ತು. ಆದರೆ ದೊಡ್ಡ ಉಪಕರಣಗಳ ಚಿತ್ರಗಳಲ್ಲಿ ಅದರ ನೀಲಿ ಬಾಲ ಸೌರಮಾರುತಕ್ಕೆ ಸಿಕ್ಕಿ ಜಡೆಯಂತೆ ಹೆಣೆದುಕೊಂಡಿತ್ತು, ಅದೂ ನಿಜವೇ. ಆ ಚಿತ್ರದ ಕೆಳಗೆ ‘ಟೆಲಿಸ್ಕೋಪಿನಲ್ಲಿ ದೀರ್ಘ ಹೊತ್ತು ಬೆಳಕು ಹಿಡಿದದ್ದು, ನಿಮಗೆ ಪಡುವಣ-ಬಡಗು ಮೂಲೆಯಲ್ಲಿ ಬೈನಾಕ್ಯುಲರಿನಲ್ಲಿ ಹತ್ತಿಯ ಎಳಸು ಉಂಡೆಯಂತೆ ಕಂಡೀತು’ ಎಂದು ಬರೆದರೆ ಓದಿದ ಹುಡುಗಿ ಹತ್ತಿಯ ಉಂಡೆಯನ್ನು ಹುಡುಕುತ್ತಾಳೆ, ಸಿಕ್ಕಿದಾಗ ಸಿಕ್ಕಿತೆಂದು ಕೂಗುತ್ತಾಳೆ. ಹಾಗೆ ಬರೆಯದಿದ್ದರೆ ಅವಳು ನೀಲಿ ಜಡೆಯನ್ನು ಹುಡುಕಿ ಸೋಲುತ್ತಾಳೆ. ಆಸಕ್ತಿ ಹುಟ್ಟಿಸುವುದಕ್ಕೂ ಉಳಿಸುವುದಕ್ಕೂ ವ್ಯತ್ಯಾಸವಿದೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ಸಂಘದವರು, ಡಾ. ಎ. ಪಿ. ಭಟ್ಟರಂಥವರು ಈ ಜಿಲ್ಲೆಯಲ್ಲಿ ವರ್ಷಗಟ್ಟಲೆ ಜನರನ್ನು ಆಕಾಶಕ್ಕೆ ಕಣ್ಣು ಹಚ್ಚುವಂತೆ ಮಾಡಿದ್ದು ಯಾವ ದಿಕ್ಕು, ಎಷ್ಟು ಹೊತ್ತು, ಎಷ್ಟು ಮಸುಕು ಎಂದು ಮೊದಲೇ ತಿಳಿಸಿ. ಅಂಥ ಕೆಲಸಕ್ಕೆ ಸುಳ್ಳು ಚಿತ್ರ ಸಹಾಯ ಮಾಡುವುದಿಲ್ಲ, ತೆರಿಗೆ ಹಾಕುತ್ತದೆ.

ಚಿತ್ರವೂ ಒಂದು ಕಲೆಯಲ್ಲವೆ, ಕಲಾವಿದನಿಗೆ ಸ್ವಾತಂತ್ರ್ಯವಿಲ್ಲವೆ ಎಂದು ಕೇಳುವವರಿಗೆ ಬಡಗುತಿಟ್ಟಿನ ನಾಡಿನಲ್ಲಿ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಯಕ್ಷಗಾನದ ಬಣ್ಣದ ವೇಷದಷ್ಟು ಅತಿಯಾದದ್ದು ಇನ್ನೇನಿದೆ? ಆದರೂ ಅದರಿಂದ ಯಾರೂ ಮೋಸಹೋಗುವುದಿಲ್ಲ, ಅಲ್ಲಿ ರಂಗಸ್ಥಳವಿದೆ, ಚಂಡೆಯಿದೆ, ಚೌಕಿಯಲ್ಲಿ ಬಣ್ಣ ಬಳಿದುಕೊಳ್ಳುವುದನ್ನು ಬೇಕಾದವರು ಹೋಗಿ ನೋಡಬಹುದು. ಮದುವೆ ಆಲ್ಬಮ್ಮಿನಲ್ಲಿ ಗಂಡು-ಹೆಣ್ಣಿನ ಹಿಂದೆ ಹಿಮಪರ್ವತ ಇಟ್ಟ ಸ್ಟುಡಿಯೋದವರ ಮೇಲೂ ಯಾರ ದೂರೂ ಇಲ್ಲ. ಧೂಮಕೇತುವನ್ನು ಕೋಡಿಯ ಮೇಲೂ ಕೊಡಚಾದ್ರಿಯ ಮೇಲೂ ಬೇಕಾದ ಹಾಗೆ ಚಿತ್ರಿಸಿ, ಕಲಾಕೃತಿ ಎಂದು ಬರೆದು, ಚೌಕಟ್ಟು ಹಾಕಿ ಮಾರಲಿ. ಸುದ್ದಿಯ ಪುಟಕ್ಕೆ ಬಂದಾಗ ಮಾತ್ರ ಚೌಕಿಯ ಬಾಗಿಲು ತೆರೆದಿರಬೇಕು. ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯ ಕೊನೆಯ ಸುತ್ತಿಗೆ ಬಂದವರು ಕ್ಯಾಮೆರಾದ ಮೂಲ ಫೈಲನ್ನು ತೋರಿಸಲೇಬೇಕೆಂಬ ನಿಯಮವಿದೆ. ಯುದ್ಧದ ಚಿತ್ರಕ್ಕೆ ಕೇಳುವುದನ್ನು ಆಕಾಶದ ಚಿತ್ರಕ್ಕೆ ಕೇಳಿದರೆ ಅತಿಯಾಯಿತೆನ್ನಲು ಕಾರಣ ಕಾಣುವುದಿಲ್ಲ.

ಅಲಂಕಾರದ ಚಟ ಚಿತ್ರಕ್ಕೇ ನಿಲ್ಲುವುದೂ ಇಲ್ಲ. ತ್ಸುಚಿನ್‌ಶಾನ್-ಅಟ್ಲಾಸ್ ‘80,000 ವರ್ಷಕ್ಕೊಮ್ಮೆ ಬರುವ’ ಧೂಮಕೇತು ಎಂದು ಎಲ್ಲ ಕಡೆ ಅಚ್ಚಾಯಿತು. ಅದರ ಕಕ್ಷೆ ಎಷ್ಟು ಚಾಚಿಕೊಂಡಿದೆಯೆಂದರೆ ಅದು ಮತ್ತೆ ಬರುವುದೇ ಅನುಮಾನ, ಸೌರಮಂಡಲ ಬಿಟ್ಟೇ ಹೋಗಬಹುದು ಎಂಬುದು ಲೆಕ್ಕ ಹಾಕಿದವರ ಮಾತು. ಸಂಖ್ಯೆಗೂ ಬಾಲ ಹಚ್ಚಿದ ಹಾಗಾಯಿತು.

ಪತ್ರಿಕೆಗಳು ಮಾಡಬಹುದಾದದ್ದು ಸಣ್ಣದು. ಮುಂದಿನ ಧೂಮಕೇತು ಯಾವುದು, ಎಷ್ಟು ಬೆಳಗೀತು ಎಂದು ಯಾರೂ ಮಾತು ಕೊಡಲಾರರು. ಆದರೆ ಅದು ಸಂಜೆಯ ಹೊತ್ತಿಗೆ ಬಂದರೆ ಗಂಗೊಳ್ಳಿಯಿಂದಲೋ ಶಿರೂರಿನಿಂದಲೋ ಹಂಗಾರಕಟ್ಟೆಯಿಂದಲೋ ಚಿತ್ರಗಳು ಪತ್ರಿಕಾ ಕಚೇರಿಗೆ ಬಂದೇ ಬರುತ್ತವೆ. ತೆಗೆದವರನ್ನು ನಾಲ್ಕು ಪ್ರಶ್ನೆ ಕೇಳಿದರೆ ಸಾಕು: ಎಲ್ಲಿ ನಿಂತು, ಎಷ್ಟು ಗಂಟೆಗೆ, ಯಾವ ಲೆನ್ಸಿನಲ್ಲಿ ಎಷ್ಟು ಸೆಕೆಂಡು, ಒಂದೇ ಚಿತ್ರವೋ ಹಲವನ್ನು ಸೇರಿಸಿದ್ದೋ. ‘ಕೋಡಿ ಬೀಚ್, ಸಂಜೆ 6.52, 50 ಎಂಎಂ ಲೆನ್ಸ್, 4 ಸೆಕೆಂಡು, ಒಂದೇ ಚಿತ್ರ, ಹೊಳಪು ಸ್ವಲ್ಪ ಹೆಚ್ಚಿಸಲಾಗಿದೆ. ಬರಿಗಣ್ಣಿಗೆ ಇದಕ್ಕಿಂತ ಮಸುಕು.’ ಮರುದಿನ ಅದೇ ಜಾಗಕ್ಕೆ ಅದೇ ಹೊತ್ತಿಗೆ ಹೋಗಿ ನಿಲ್ಲುವವರಿಗೆ ಇದಕ್ಕಿಂತ ಒಳ್ಳೆಯ ದಾರಿಸೂಚಿ ಇಲ್ಲ. ಬರೆಯಲು ಬೇಕಾದದ್ದು ಎರಡು ಸಾಲು. ಮೂರು ಕಾಲಂ ಚಿತ್ರದ ಅಡಿಯಲ್ಲಿ ಅಷ್ಟು ಜಾಗ ಈಗಲೂ ಖಾಲಿಯೇ ಇರುತ್ತದೆ.